ಹೊಳೆಗೆ ಬಿದ್ದ ಪುಸ್ತಕ

ಓದಲೆಂದು ಒಯ್ದ ಪುಸ್ತಕವನ್ನು ಮಳೆಯಲ್ಲಿ ನೆನೆಸಿ, ಹಾಳೆಗಳೆಲ್ಲ ಹಪ್ಪಳದಂತೆ ಉಬ್ಬಿದ ಮೇಲೆ ತಂದುಕೊಟ್ಟು, ‘ಸ್ವಲ್ಪ ನೀರು ತಾಗಿತು, ಅಷ್ಟೇ’ ಎನ್ನುವ ಮಹನೀಯರನ್ನು ಕಂಡಾಗಲೆಲ್ಲ ನನಗೆ ಹನ್ನೊಂದನೆಯ ಶತಮಾನದ ಸ್ಕಾಟ್ಲೆಂಡಿನ ರಾಣಿ, ಸಂತ ಮಾರ್ಗರೇಟ್ ನೆನಪಾಗುತ್ತಾಳೆ.

ಆಕೆಯ ಅಚ್ಚುಮೆಚ್ಚಿನ ಶುಭಸಂದೇಶದ (ಯೇಸುವಿನ ಬದುಕು-ಬೋಧನೆಗಳನ್ನು ಹೇಳುವ ಬೈಬಲ್ ಭಾಗದ) ಹೊತ್ತಗೆಯನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಕೊಂಡು ಹೊಳೆ ದಾಟುತ್ತಿದ್ದವನ ಕೈಯಿಂದ ಅದು ಜಾರಿ ನೀರಿಗೆ ಬಿತ್ತು. ಪುಣ್ಯಾತ್ಮನಿಗೆ ಅದು ಗೊತ್ತಾಗಲೂ ಇಲ್ಲ. ಬಹಳ ಹೊತ್ತು ಹುಡುಕಿದ ಮೇಲೆ ಹೊಳೆಯ ತಳದಲ್ಲಿ ಅದು ತೆರೆದುಕೊಂಡೇ ಬಿದ್ದಿತ್ತು. ಚಿನ್ನದ ಅಕ್ಷರಗಳು ಉಜ್ಜಿಹೋಗದಿರಲೆಂದು ಹಾಳೆಗಳ ನಡುವೆ ಇರಿಸಿದ್ದ ರೇಷ್ಮೆಯ ತುಂಡುಗಳನ್ನು ಸೆಳವು ಕಿತ್ತೊಯ್ದಿದ್ದರೂ ಅಕ್ಷರಗಳು ಮಾಸಿರಲಿಲ್ಲವೆಂದೂ, ಇದು ರಾಣಿಯ ಮೇಲಿನ ದೈವಕೃಪೆಯೆಂದೂ ಆಕೆಯ ಚರಿತ್ರೆಯನ್ನು ಬರೆದ ಪಾದ್ರಿ ಟರ್ಗಟ್ ಹೇಳುತ್ತಾನೆ. ಇರಬಹುದು. ಆದರೆ ಚರ್ಮವನ್ನು ಹದಮಾಡಿ ಹಾಳೆಯಾಗಿಸಿದವನಿಗೂ ಶಾಯಿ ಕಾಯಿಸಿದವನಿಗೂ ಆ ಕೀರ್ತಿಯಲ್ಲಿ ಒಂದು ಚೂರಾದರೂ ಸಲ್ಲಬೇಡವೇ? ಪವಾಡಗಳ ಲೆಕ್ಕದಲ್ಲಿ ಕಸುಬುದಾರರಿಗೆ ಎಂದೂ ಪಾಲು ಸಿಗುವುದಿಲ್ಲ. ಆ ಹೊತ್ತಗೆಯಾದರೂ ಮುಂದೆ ಯಾರದೆಂಬ ಗುರುತೇ ಇಲ್ಲದೆ ಅಲೆದು, 1887ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ ಬರೀ ಆರು ಪೌಂಡಿಗೆ ಮಾರಾಟವಾಯಿತು. ಹೊಳೆಯ ಪ್ರಸಂಗವನ್ನೇ ಹೇಳುವ ಲ್ಯಾಟಿನ್ ಪದ್ಯವೊಂದು ಅದರೊಳಗೆ ಇದ್ದುದರಿಂದ ಒಡತಿ ಯಾರೆಂಬುದು ಬಯಲಾಯಿತು.

ಟರ್ಗಟ್ ಬರೆದದ್ದು ಮಾರ್ಗರೇಟಳ ಮಗಳು, ಇಂಗ್ಲೆಂಡಿನ ರಾಣಿಯಾಗಿದ್ದ ಮಟಿಲ್ಡಾಳಿಗಾಗಿ. ಪಟ್ಟದ ಮೇಲಿರುವ ಮಗಳಿಗೆ ತಾಯಿಯ ದೋಷಗಳನ್ನು ಯಾವ ಪಾದ್ರಿ ತಾನೇ ಪಟ್ಟಿಮಾಡಿಯಾನು? ಆದ್ದರಿಂದ ಉಪವಾಸ, ಪ್ರಾರ್ಥನೆ, ಅನಾಥ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಉಣಿಸುವುದು ಇತ್ಯಾದಿ ಸದ್ಗುಣಗಳು ಸಾಲುಗಟ್ಟಿವೆ, ಓದುತ್ತಾ ಓದುತ್ತಾ ಆಕಳಿಕೆಯೂ ಬರುತ್ತದೆ. ಆಕೆ ತೀರಿಕೊಂಡದ್ದು 1093ರಲ್ಲಿ. ಪೋಪ್ ನಾಲ್ಕನೆಯ ಇನ್ನೊಸೆಂಟ್ ಸಂತಪದವಿ ಕೊಟ್ಟದ್ದು 1250ರಲ್ಲಿ.

ನನಗೆ ಈ ಸಂತಳು ಹತ್ತಿರವಾಗುವುದು ಆಕೆಯ ಕಳ್ಳತನದಲ್ಲಿ. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಂದು ಗಂಡ ಮೂರನೆಯ ಮಾಲ್ಕಮ್ ಕಾಣಿಕೆಯಿಡುತ್ತಿದ್ದ ಚಿನ್ನದ ನಾಣ್ಯಗಳನ್ನು ಎತ್ತಿಕೊಂಡು, ಅಂಗಲಾಚುತ್ತಿದ್ದ ಬಡವನ ಕೈಗೆ ಹಾಕಿಬಿಡುತ್ತಿದ್ದಳಂತೆ. ಕಂಡೂ ಕಾಣದಂತಿರುತ್ತಿದ್ದ ಅರಸ ಒಮ್ಮೊಮ್ಮೆ ನಾಣ್ಯ ತುಂಬಿದ ಆ ಕೈಯನ್ನು ಹಿಡಿದು, ಟರ್ಗಟನ ಮುಂದೆ ಎಳೆತಂದು, ಈಕೆ ಕಳ್ಳಿ ಎಂದು ನಗುತ್ತಾ ದೂರುತ್ತಿದ್ದ. ಪರರ ಹಣದಲ್ಲಿ ದಾನಶೂರರಾಗುವವರ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ. ಆದರೆ ಹಣ ಕಳೆದುಕೊಂಡ ಗಂಡನೇ ನಗುತ್ತಿರುವಾಗ ನಾನು ಮುಖ ಗಂಟಿಕ್ಕಿ ಮಾಡುವುದೇನಿದೆ?