ಇಲಿ ಹಸಿಯಾಗಿ ತಿನ್ನುವ ಬೆಕ್ಕಿಗೆ ಕೋಳಿ ಯಾಕೆ ಬೇಯಿಸಿ ಕೊಡಬೇಕು?

ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ ಅಂದ ಕೂಡಲೇ ಒಂದು ಪ್ರಶ್ನೆ ಬರುತ್ತದೆ. "ಅಲ್ಲಾ, ಬೆಕ್ಕು ಇಲಿ ಹಿಡಿದರೆ ಒಲೆ ಮೇಲಿಟ್ಟು ಬೇಯಿಸಿ ತಿನ್ನುತ್ತಾ?"

ಇಲ್ಲ. ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಅದಕ್ಕೆ ನೆಟ್ಟಗೆ ಉತ್ತರ ಕೊಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಬೆಕ್ಕು ಸಾಕಿದವರು ದಯವಿಟ್ಟು ಪೂರ್ತಿ ಓದಿ.

ಹಸಿ ಮಾಂಸದ ಪರ ಇರುವವರ ಒಂದು ಮಾತು ನೂರಕ್ಕೆ ನೂರು ಸರಿ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಟಾರಿನ್ ಅಂತ ಒಂದು ಪೋಷಕಾಂಶ ಇದೆ. ನಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿನ ಮೈಯಲ್ಲಿ ಅದು ಸಾಕಾಗುವಷ್ಟು ಆಗುವುದಿಲ್ಲ. ಮಾಂಸ, ಮೀನಿನಿಂದಲೇ ಬರಬೇಕು. ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಮಾತ್ರ ಹಾಕುತ್ತಾರೆ. ಹಿಂದೆ ಆ ಬೆಕ್ಕುಗಳು ಹಿತ್ತಲಲ್ಲಿ ಇಲಿ, ಹಲ್ಲಿ ಹಿಡಿದು ಹೇಗೋ ಸರಿದೂಗಿಸಿಕೊಳ್ಳುತ್ತಿದ್ದವು. ಈಗ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಕೂಡಿಹಾಕಿ ಬರೀ ಮೊಸರನ್ನ ಹಾಕಿದರೆ ಅದು ಹಸಿ ಮಾಂಸಕ್ಕಿಂತ ದೊಡ್ಡ ಅನ್ಯಾಯ.

ಪ್ಯಾಕೆಟ್ ಆಹಾರದ ಮೇಲೆ ಹಸಿ ಮಾಂಸದವರಿಗಿರುವ ಅಪನಂಬಿಕೆಯೂ ಸುಮ್ನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಒಳ್ಳೆಯ ಕಂಪನಿಗಳ ಆಹಾರ ತಿನ್ನುತ್ತಿದ್ದ ಬೆಕ್ಕುಗಳೇ ಹೃದಯದ ಕಾಯಿಲೆಯಿಂದ ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯ ಪಾಲ್ ಪಿಯಾನ್ ಮತ್ತು ಜೊತೆಗಾರರು 1987ರಲ್ಲಿ ಕಾರಣ ತೋರಿಸಿದರು. ಆ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇತ್ತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಕಂಪನಿಗಳು ಆಮೇಲೆ ಟಾರಿನ್ ಜಾಸ್ತಿ ಹಾಕತೊಡಗಿದವು.

ಇನ್ನೊಂದು ಹಳೆಯ ಪ್ರಯೋಗವನ್ನೂ ಹಸಿ ಮಾಂಸದವರು ಬಹಳ ಎತ್ತಿ ಹೇಳುತ್ತಾರೆ. 1930ರ ದಶಕದಲ್ಲಿ ಫ್ರಾನ್ಸಿಸ್ ಪಾಟೆಂಜರ್ ಎಂಬ ಡಾಕ್ಟರ್ ಕೆಲವು ಬೆಕ್ಕುಗಳಿಗೆ ಹಸಿ ಮಾಂಸ, ಕೆಲವಕ್ಕೆ ಬೇಯಿಸಿದ ಮಾಂಸ ಹಾಕಿ ನೋಡಿದರು. ಬೇಯಿಸಿದ್ದು ತಿಂದವು ತಲೆಮಾರಿನಿಂದ ತಲೆಮಾರಿಗೆ ಸೊರಗುತ್ತಾ ಹೋದವು. ಆದರೆ ಬೆಕ್ಕಿಗೆ ಟಾರಿನ್ ಬೇಕು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಬೇಯಿಸುವಾಗ ಅದು ನೀರಿಗೆ ಇಳಿದುಬಿಡುತ್ತದೆ. ಆ ಬೆಕ್ಕುಗಳಿಗೆ ಕೊರತೆಯಾದದ್ದು ಬಹುಶಃ ಅದೇ. ಅಂದರೆ ನೀರು ಚೆಲ್ಲದೆ ಕೊಟ್ಟರೆ, ಬೇಕಾದದ್ದು ಸೇರಿಸಿದರೆ, ಬೇಯಿಸುವುದು ತಪ್ಪಲ್ಲ.

ಈಗ ಇಲಿಯ ವಿಷಯಕ್ಕೆ ಬರೋಣ. ಇಲಿಯನ್ನು ಬೆಕ್ಕು ಕೊಂದ ಗಳಿಗೆಯಲ್ಲೇ ತಿನ್ನುತ್ತದೆ. ಮೂಳೆ, ಲಿವರ್, ಹೃದಯ ಎಲ್ಲವನ್ನೂ ಸೇರಿಸಿ. ಕೋಳಿ ಅಂಗಡಿಯ ಕವರ್‌ನಲ್ಲಿ ಬರುವುದು ಅದಲ್ಲ. ನೀವೇ ಒಂದು ಭಾನುವಾರ ನಿಂತು ನೋಡಿ. ಕತ್ತು ಕೊಯ್ದ ಕೋಳಿ ಡ್ರಮ್ಮಿಗೆ ಬೀಳುತ್ತದೆ. ಮೊದಲಿನ ಕೋಳಿಯ ರಕ್ತ, ಹಿಕ್ಕೆ, ಪುಕ್ಕ ಅದರಲ್ಲೇ ಇರುತ್ತದೆ. ಬೆಳಗ್ಗಿಂದ ಬಂದ ಕೋಳಿಗಳೆಲ್ಲ ಒಂದೇ ಮರದ ಕೊರಡಿನ ಮೇಲೆ, ಒಂದೇ ಕತ್ತಿಯಲ್ಲಿ. ಕರುಳು ಎಳೆದ ಕೈ ಹಾಗೇ ಮಾಂಸಕ್ಕೆ ಬರುತ್ತದೆ. "ಬೆಕ್ಕಿಗಾ ಮೇಡಂ?" ಅಂತ ಕೇಳಿ, ಪಕ್ಕದಲ್ಲಿ ಗುಡ್ಡೆ ಹಾಕಿಟ್ಟ ಚರ್ಮ, ಕುತ್ತಿಗೆ, ಕಾಲು ಬಾಚಿ 20 ರೂಪಾಯಿಗೆ ಕೊಡುತ್ತಾರೆ. ಅದು ಅಲ್ಲಿ ಯಾವಾಗಿನಿಂದ ಬಿದ್ದಿದೆಯೋ ಕೇಳುವವರಿಲ್ಲ. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಕೊಂಡವರು ಮನೆಗೆ ಹೋಗಿ ಅರಿಶಿನ ಹಾಕಿ ತೊಳೆದು ಕೊತಕೊತ ಕುದಿಸುತ್ತಾರೆ ಅನ್ನುವ ನಂಬಿಕೆಯ ಮೇಲೆಯೇ ಆ ಮಾಂಸ ಮಾರಾಟವಾಗುವುದು. ಕುದಿಸುವ ಆ ಹಂತವನ್ನು ಬೆಕ್ಕಿಗೆ ಮಾತ್ರ ಯಾಕೆ ಬಿಡಬೇಕು?

ಚೊಕ್ಕವಾಗಿ ಪ್ಯಾಕ್ ಮಾಡಿದ ಹಸಿ ಆಹಾರವೂ ಇದಕ್ಕೆ ಹೊರತಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2010ರಿಂದ 2012ರವರೆಗೆ ಸಾಕುಪ್ರಾಣಿಗಳ ಹಸಿ ಆಹಾರದ 196 ಸ್ಯಾಂಪಲ್ ಪರೀಕ್ಷಿಸಿತು. 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಎರಡೂ ಕಾಯಿಲೆ ತರುವ ಬ್ಯಾಕ್ಟೀರಿಯಾಗಳು.

ನನ್ನನ್ನು ನಿಜವಾಗಿ ಹೆದರಿಸುವುದು ಹಕ್ಕಿ ಜ್ವರ. ಬೆಕ್ಕಿನ ಜಾತಿಗೆ ಅದರ ಎಚ್5ಎನ್1 ಅನ್ನುವ ವೈರಸ್ ಬಂದರೆ ಉಳಿಯುವುದು ಕಷ್ಟ. 2004ರಲ್ಲಿ ಥಾಯ್ಲೆಂಡಿನ ಒಂದು ಹುಲಿ ಪಾರ್ಕಿನಲ್ಲಿ ಹಸಿ ಕೋಳಿ ತಿಂದ ಹುಲಿಗಳಿಗೆ ಇದು ಬಂದು ನೂರಕ್ಕೂ ಜಾಸ್ತಿ ಹುಲಿಗಳು ಹೋದವು. 2023ರ ಜೂನ್‌ನಲ್ಲಿ ಪೋಲೆಂಡಿನಲ್ಲಿ ಸಾಕು ಬೆಕ್ಕುಗಳು ಸತ್ತವು. ಮನೆ ಬಿಟ್ಟು ಹೊರಗೇ ಹೋಗದ ಬೆಕ್ಕುಗಳೂ ಅವುಗಳಲ್ಲಿದ್ದವು. ಅವಕ್ಕೆ ಹಾಕಿದ್ದ ಒಂದು ಹಸಿ ಕೋಳಿ ಮಾಂಸದ ಸ್ಯಾಂಪಲ್‌ನಲ್ಲಿ ವೈರಸ್ ಸಿಕ್ಕಿತು. ದೂರದ ಸುದ್ದಿ ಅಂದುಕೊಳ್ಳಬೇಡಿ. 2024ರ ಕೊನೆಗೆ ನಾಗಪುರದ ಗೋರೆವಾಡದ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಇದೇ ವೈರಸ್‌ಗೆ ಬಲಿಯಾದವು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲೇ ಕಾಣಿಸಿತು. ಅದೇ ಹೊತ್ತಿಗೆ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲೂ ಕೋಳಿಗಳಿಗೆ ಹಕ್ಕಿ ಜ್ವರ ಬಂದಿತ್ತು.

"ನಾವು ಫ್ರೀಜರ್‌ನಲ್ಲಿಟ್ಟು ಕೊಡ್ತೀವಿ" ಅನ್ನುವವರಿದ್ದಾರೆ. ಚಳಿಗೆ ಕೆಲವು ಪರೋಪಜೀವಿಗಳು ಸಾಯುತ್ತವೆ, ನಿಜ. ಸಾಲ್ಮೊನೆಲ್ಲಾ, ವೈರಸ್ ಸಾಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಒಂದು ಬೆಕ್ಕು ಹಕ್ಕಿ ಜ್ವರದಿಂದ ಸತ್ತದ್ದು ಫ್ರೀಜ್ ಮಾಡಿ ಮಾರುತ್ತಿದ್ದ ಹಸಿ ಆಹಾರ ತಿಂದೇ.

ಮೀನಿನ ವಿಷಯವೂ ಹಾಗೆಯೇ. ಗೆಂಡೆಯಂಥ ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಕಿಣ್ವ ಇರುತ್ತದೆ. ದಿನಾ ಹಸಿ ತಿಂದ ಬೆಕ್ಕಿಗೆ ಕೊನೆಗೆ ಕುತ್ತಿಗೆ ಎತ್ತಲೂ ಆಗುವುದಿಲ್ಲ. ಬೇಯಿಸಿದರೆ ಆ ಕಿಣ್ವ ಹೋಗುತ್ತದೆ, ಅಷ್ಟೇ.

ನಾನು ಮಾಡುವುದು ಇದು. ಮೂಳೆ ಇಲ್ಲದ ಕಾಲಿನ ಮಾಂಸ ತರುತ್ತೇನೆ. ಎದೆ ಮಾಂಸಕ್ಕಿಂತ ಅದರಲ್ಲಿ ಟಾರಿನ್ ಜಾಸ್ತಿ. ಜೊತೆಗೆ ಕೋಳಿಯ ಹೃದಯ ಒಂದೆರಡು. ಮುಳುಗುವಷ್ಟು ಮಾತ್ರ ನೀರು ಹಾಕಿ, ಮುಚ್ಚಳ ಮುಚ್ಚಿ, ಒಳಗಿನ ಕೆಂಪು ಹೋಗುವವರೆಗೆ ಬೇಯಿಸುತ್ತೇನೆ. ಉಪ್ಪು ಬೇಡ, ಮಸಾಲೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಖಂಡಿತಾ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಆರಿದ ಮೇಲೆ ಬಿಡಿಸಿ, ಬೆಂದ ನೀರನ್ನು ಮೇಲೆ ಸುರಿದು ಕೊಡುತ್ತೇನೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಅದನ್ನು ಕೊಡುವುದಿಲ್ಲ. ಲಿವರ್ ಚೂರೇ ಚೂರು. ದಿನಾ ಲಿವರ್ ತಿಂದರೆ ವಿಟಮಿನ್ ಎ ಅತಿಯಾಗಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ. ಇಷ್ಟರಿಂದಲೇ ಪೂರ್ತಿ ಆಹಾರ ಆಗುವುದಿಲ್ಲ, ಸುಣ್ಣದಂಶ ಸಾಲದು. ಅದಕ್ಕೆ ಮುಖ್ಯ ಊಟ 'ಕಂಪ್ಲೀಟ್' ಅಂತ ಬರೆದ ಪ್ಯಾಕೆಟ್ ಆಹಾರವೇ. ಕೋಳಿ ಅದರ ಜೊತೆಗೆ. ಪೂರ್ತಿ ಮನೆಯಡುಗೆಯೇ ಕೊಡಬೇಕು ಅನ್ನುವವರು ಪಶುವೈದ್ಯರ ಹತ್ತಿರ ಅಳತೆ ಬರೆಸಿಕೊಳ್ಳಿ.

ಕೊನೆಯದಾಗಿ, ಮನೆಯಲ್ಲಿ ಬಸುರಿ ಇದ್ದಾಗ ನಡೆಯುವ ಮಾತು. "ಮಗು ಬರುತ್ತೆ, ಬೆಕ್ಕನ್ನ ಎಲ್ಲಾದ್ರೂ ಬಿಟ್ಟು ಬಾ" ಅಂತ ಹಿರಿಯರು ಹೇಳುತ್ತಾರೆ. ಇದರ ಹಿಂದಿರುವ ಭಯ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿಯದ್ದು. ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಅದು ಬೆಕ್ಕಿಗೆ ಬರುವುದೇ ಇಲಿ, ಹಕ್ಕಿ, ಹಸಿ ಮಾಂಸದಿಂದ. ಬೇಯಿಸಿದ್ದನ್ನೇ ತಿಂದು ಮನೆಯೊಳಗೇ ಇರುವ ಬೆಕ್ಕಿನಿಂದ ಅಪಾಯ ತೀರಾ ಕಡಿಮೆ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಬರುವ ಜೀವಾಣುವೂ ರೋಗ ಹರಡುವ ಹಾಗಾಗಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಲಿಟರ್ ಟ್ರೇಯನ್ನು, ಅಂದರೆ ಬೆಕ್ಕು ಮಲ ಮಾಡುವ ತಟ್ಟೆಯನ್ನು, ಮನೆಯ ಬೇರೆ ಯಾರಾದರೂ ದಿನಾ ತಪ್ಪದೆ ಬಳಿದು ಚೊಕ್ಕ ಮಾಡಿದರೆ ಸಾಕು. ಹೆರಿಗೆ ಡಾಕ್ಟರಿಗೂ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿಬಿಡಿ. ಅತ್ತೆಯವರಿಗೆ, ಅಮ್ಮನಿಗೆ ಇದನ್ನು ಓದಿ ಹೇಳಿ. ಬೆಕ್ಕನ್ನು ಮಾರ್ಕೆಟ್ ಹತ್ತಿರ ಬಿಟ್ಟು ಬರುವ ಮಾತು ಅದಾದ ಮೇಲೂ ಎದ್ದರೆ ನನಗೆ ಮೆಸೇಜ್ ಮಾಡಿ, ಆ ಕೆಲವು ತಿಂಗಳು ಅದನ್ನು ಇಟ್ಟುಕೊಳ್ಳುವವರನ್ನು ಒಟ್ಟಿಗೆ ಹುಡುಕೋಣ.