ಹೂಂ ಅಂದ ಮಾತ್ರಕ್ಕೆ ಅರ್ಥ ಆಯ್ತು ಅಂತಲ್ಲ

ನಿನ್ನೆಯಿಂದ ಒಂದು ಮಾತು ತಲೆ ಕೊರೆಯುತ್ತಿದೆ. ಬರೆಯದೆ ನಿದ್ದೆ ಬರೋದಿಲ್ಲ.

ಒಂದು ಯೂನಿವರ್ಸಿಟಿ ಸಂಶೋಧನಾ ತಂಡದವರ ಮಾತು ಕೇಳಲು ಹೋಗಿದ್ದೆ. ಜನ ತಮ್ಮ ಕಾಯಿಲೆ ಬಗ್ಗೆ ಚಾಟ್‌ಬಾಟ್ ಹತ್ತಿರ ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ, ಉತ್ತರ ಬಂದ ಮೇಲೆ ಏನು ಮಾಡುತ್ತಾರೆ ಅಂತ ನೋಡೋದು ಅವರ ಕೆಲಸ. ತಂಡದ ಒಬ್ಬ ಹುಡುಗಿ ಅಂಥ ಒಂದು ಸಂಭಾಷಣೆಯ ಪ್ರಿಂಟ್ ತೋರಿಸಿದಳು. ಅಂಚಿನ ತುಂಬ ಪೆನ್ಸಿಲ್ ಗುರುತು. ಇಲ್ಲಿ ಟೈಪ್ ಮಾಡಿ ಅಳಿಸಿದರು. ಇಲ್ಲಿ ತುಂಬಾ ಹೊತ್ತು ಏನೂ ಬರೆಯಲಿಲ್ಲ. ಇಲ್ಲಿ ‘ಸರಿ’ ಅಂದು ಮುಚ್ಚಿಬಿಟ್ಟರು. ಅಷ್ಟರಲ್ಲಿ ಮುಂದಿನ ಸಾಲಿನವರೊಬ್ಬರು ಎದ್ದು, “ಇದರಲ್ಲಿ ಸಂಶೋಧನೆ ಏನು ಬಂತು? ಮೆಷಿನ್ ಸರಿ ಉತ್ತರ ಕೊಟ್ಟರೆ ಮುಗೀತಲ್ಲ” ಅಂದರು. ಅಕ್ಕಪಕ್ಕದವರು ಹೌದು ಹೌದು ಅಂತ ತಲೆ ಆಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

ಎಲ್ಲಿ ಮುಗಿಯುತ್ತದೆ? ಕಷ್ಟ ಶುರುವಾಗೋದೇ ಅಲ್ಲಿಂದ.

ನಾನು 18 ವರ್ಷ ವಾರ್ಡ್‌ನಲ್ಲಿ ನರ್ಸ್ ಆಗಿದ್ದವಳು, ನಿಮಗೆಲ್ಲ ಗೊತ್ತು. ನಿಮಗೆ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಮನೆಗೆ ಹೊರಟಿದ್ದ ಒಬ್ಬ ಅಜ್ಜನಿಗೆ ಮಾತ್ರೆ ಹೇಗೆ ತಗೋಬೇಕು ಅಂತ ಹೇಳಿದೆ. ಬೆಳಿಗ್ಗೆ ಎರಡು, ರಾತ್ರಿ ಎರಡು. “ಗೊತ್ತಾಯ್ತಾ ಅಜ್ಜ?” ಅಂದೆ. “ಹೂಂ” ಅಂದರು. ನಾನು ಹೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸಿದರು ಕೂಡ. ಎರಡು ವಾರದಲ್ಲಿ ಮತ್ತೆ ಅದೇ ವಾರ್ಡಿಗೆ ಬಂದರು. ಆಗ ನಾನು ಡಬ್ಬಿ ಅವರ ಕೈಗೇ ಕೊಟ್ಟು, “ಒಂದು ದಿನದ್ದು ತೆಗೆದು ತೋರಿಸಿ” ಅಂದೆ. ಅಂಗೈ ಮೇಲೆ ಎರಡೇ ಮಾತ್ರೆ ಇಟ್ಟರು. ಒಂದನ್ನು ಬೆಳಿಗ್ಗೆಗೆ ಅಂತ ಈ ಕಡೆ ಸರಿಸಿದರು, ಇನ್ನೊಂದನ್ನು ರಾತ್ರಿಗೆ ಅಂತ ಆ ಕಡೆ. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ತಪ್ಪು ನನ್ನದೇ. ಮೊದಲ ದಿನವೇ ತೋರಿಸಿ ಅನ್ನಬೇಕಿತ್ತು.

ಇದು ಬರೀ ನನ್ನ ಅಜ್ಜನ ಕಥೆ ಅಲ್ಲ. 2006ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಅನ್ನೋ ಚೀಟಿ. ಓದು ಕಡಿಮೆ ಇದ್ದವರಲ್ಲಿ 100ಕ್ಕೆ ಸುಮಾರು 71 ಜನ ಚೀಟಿಯಲ್ಲಿದ್ದದ್ದನ್ನು ಸರಿಯಾಗಿ ಹೇಳಿದರು. ಒಂದು ದಿನದ ಮಾತ್ರೆ ಸರಿಯಾಗಿ ಎಣಿಸಿ ತೋರಿಸಿದವರು 35 ಜನ ಮಾತ್ರ.

ಈಗ ಚಾಟ್‌ಬಾಟ್ ವಿಷಯಕ್ಕೆ ಬನ್ನಿ. ವೈದ್ಯಕೀಯ ಪರೀಕ್ಷೆಯಲ್ಲಿ ಅದಕ್ಕೆ ಇಷ್ಟು ಅಂಕ ಬಂತು, ಅಷ್ಟು ಅಂಕ ಬಂತು ಅಂತ ದಿನಾ ಸುದ್ದಿ. ಆಕ್ಸ್‌ಫರ್ಡ್ ಯೂನಿವರ್ಸಿಟಿಯ ತಂಡ 1,298 ಜನರನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡಿತು, 2025ರಲ್ಲಿ ಹೊರಗೆ ಬಂತು. ಕಾಯಿಲೆಯ ಪೂರ್ತಿ ವಿವರ ನೇರವಾಗಿ ಚಾಟ್‌ಬಾಟ್‌ಗೆ ಕೊಟ್ಟಾಗ ಅದು 100ಕ್ಕೆ ಸುಮಾರು 95 ಸಲ ಸರಿಯಾದ ಕಾಯಿಲೆ ಹೇಳಿತು. ಅದೇ ಚಾಟ್‌ಬಾಟ್ ಜೊತೆ ಜನ ತಾವೇ ಮಾತಾಡಿ ಕಾಯಿಲೆ ಗುರುತಿಸಬೇಕಾದಾಗ? 35ಕ್ಕಿಂತ ಕಡಿಮೆ. ಚಾಟ್‌ಬಾಟ್ ಇಲ್ಲದೆ ತಮಗೆ ತೋಚಿದ ಹಾಗೆ ಹುಡುಕಿಕೊಂಡವರಿಗಿಂತ ಇವರು ಮೇಲೇನೂ ಇರಲಿಲ್ಲ.

95 ಎಲ್ಲಿ, 35 ಎಲ್ಲಿ! ನಡುವಿನ ಆ 60 ಹೋಗಿದ್ದು ಮಾತಿನಲ್ಲಿ. ಜನ ಅರ್ಧ ಹೇಳಿದರು, ಅದು ಉಳಿದರ್ಧ ಕೇಳಲಿಲ್ಲ. ಅದು ಸರಿಯಾದ ಕಾಯಿಲೆಯ ಹೆಸರು ಹೇಳಿದರೂ ಅದರ ಜೊತೆ ಇನ್ನೂ ಒಂದೆರಡು ಹೆಸರು ಬಂದವು, ಜನ ಬೇರೆ ಯಾವುದನ್ನೋ ಹಿಡಿದುಕೊಂಡರು. ಆ ಅಧ್ಯಯನದಲ್ಲೇ ಇಬ್ಬರು ಮಿದುಳಿನ ರಕ್ತಸ್ರಾವದ ಲಕ್ಷಣಗಳನ್ನು ಹೆಚ್ಚು ಕಡಿಮೆ ಒಂದೇ ಥರ ಬರೆದಿದ್ದರು. ಒಬ್ಬರಿಗೆ ಕತ್ತಲೆ ಕೋಣೆಯಲ್ಲಿ ಮಲಗಿ ಅಂತ ಉತ್ತರ ಬಂತು. ಇನ್ನೊಬ್ಬರಿಗೆ ಕೂಡಲೇ ಆಸ್ಪತ್ರೆಗೆ ಹೋಗಿ ಅಂತ. ತಲೆನೋವು ದಿಢೀರ್ ಅಂತ ಬಂತಾ, ನಿಧಾನಕ್ಕೆ ಬಂತಾ? ವಾರ್ಡ್‌ನಲ್ಲಿ ನಾವು ಮೊದಲು ಕೇಳೋ ಪ್ರಶ್ನೆ ಇದು. ಒಂದು ಪ್ರಶ್ನೆಯಲ್ಲಿ ಜೀವ ಇರುತ್ತದೆ. ಇದರಲ್ಲಿ ಸಂಶೋಧನೆ ಏನು ಬಂತು ಅಂತ ಕೇಳುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಡಾಕ್ಟರ್‌ಗಳಿಗೆ ಪುರುಸೊತ್ತಿಲ್ಲ, ಚಾಟ್‌ಬಾಟ್ ತಾಳ್ಮೆಯಿಂದ ಕೇಳುತ್ತದಲ್ಲ ಅಂತ ನೀವು ಹೇಳಬಹುದು. ತಾಳ್ಮೆ ನಿಜ, ಒಪ್ಪುತ್ತೇನೆ. ರೋಗಿ ಬಾಯಿ ತೆರೆದ ಕೆಲವೇ ಸೆಕೆಂಡಿಗೆ ಮಾತು ತುಂಡಾಗೋದನ್ನು ನಾನೇ ಎಷ್ಟು ಸಲ ನೋಡಿಲ್ಲ! 2023ರಲ್ಲಿ ಒಂದು ಅಧ್ಯಯನ ಬಂತು, ಎಲ್ಲರೂ ಶೇರ್ ಮಾಡಿದಿರಿ. 195 ಪ್ರಶ್ನೆಗಳಿಗೆ ಡಾಕ್ಟರ್ ಕೊಟ್ಟ ಉತ್ತರ, ಚಾಟ್‌ಬಾಟ್ ಕೊಟ್ಟ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟಾಗ 100ರಲ್ಲಿ ಸುಮಾರು 79 ಸಲ ಚಾಟ್‌ಬಾಟ್ ಉತ್ತರವೇ ಮೇಲು ಅಂತ ಬಂತು. ಆದರೆ ಮೇಲು ಅಂದವರು ಯಾರು? ಆರೋಗ್ಯ ಕ್ಷೇತ್ರದಲ್ಲೇ ಕೆಲಸ ಮಾಡುವವರು. ಪ್ರಶ್ನೆ ಕೇಳಿದ ರೋಗಿಗಳಲ್ಲ. ಉತ್ತರ ಓದಿ ಆ ರೋಗಿ ಏನು ಮಾಡಿದ ಅಂತ ಅಲ್ಲಿ ಯಾರೂ ನೋಡಿಲ್ಲ. ಅದನ್ನು ನೋಡೋಕೆ ಈ ಹುಡುಗಿಯಂಥವರು ಬೇಕು. ಸಾಲು ಸಾಲಾಗಿ ಓದಿ, ಎಲ್ಲಿ ಮಾತು ತಪ್ಪಿತು ಅಂತ ಪೆನ್ಸಿಲ್ ಹಿಡಿದು ಕೂರುವವರು ಬೇಕು.

ಕಾರ್ಯಕ್ರಮ ಮುಗಿದ ಮೇಲೆ ಅವಳ ಹತ್ತಿರ ಹೋದೆ. ಆ ಮನುಷ್ಯನ ಮಾತಿಗೆ ಅವಳ ಮುಖ ಸಣ್ಣದಾಗಿತ್ತು. ಏನು ಹೇಳಬೇಕೋ ತಿಳಿಯದೆ ನನ್ನ ಅಜ್ಜನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದಳು, “ಅಕ್ಕಾ, ಹೂಂ ಅನ್ನೋ ಮುಂಚೆ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರಾ?”

ಇದ್ದರು. ಚೀಟಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹೂಂ ಅಂದರು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.