ನನ್ನ ಉದ್ರಿ ಪುಸ್ತಕ ಮತ್ತು ಎರಡು ಸಾವಿರ ರೂಪಾಯಿ

ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರ ನಮ್ಮೂರು, ಕುಮಟಾ ತಾಲೂಕು. ಅಪ್ಪ ಶುರು ಮಾಡಿದ ಕಿರಾಣಿ ಅಂಗಡಿಯಲ್ಲಿ ಈಗ ನಾನು ಕೂರುತ್ತೇನೆ. ಮನೆ ಯಜಮಾನಿಗೆ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡುವ ಗೃಹಲಕ್ಷ್ಮಿ ಮಾತು ಬಂದಾಗ ಯಾರಾದರೂ ‘ಬಿಟ್ಟಿ ದುಡ್ಡು ಕೊಟ್ಟು ಜನರನ್ನು ಕೆಡಿಸಿದರು’ ಅಂದರೆ, ಉದ್ರಿ ಪುಸ್ತಕ ತೆಗೆದು ಮುಂದಿಡೋಣ ಅನಿಸುತ್ತದೆ. ಇಡುವ ಹಾಗಿಲ್ಲ, ಅದರಲ್ಲಿರುವುದು ಊರವರ ಗುಟ್ಟು. ಹೆಸರು ಬಿಟ್ಟು ಒಂದು ಮನೆಯ ಪುಟ ಮಾತ್ರ ಓದುತ್ತೇನೆ. ನನಗೆ ಜಿಎಸ್‌ಟಿ ನಂಬರ್ ಇರುವುದರಿಂದ ನಮ್ಮ ಮನೆಯವಳಿಗೆ ಆ ದುಡ್ಡು ಬರುವುದಿಲ್ಲ. ಅವಳಿಗೆ ಇದರ ಸಿಟ್ಟು ಇನ್ನೂ ಇದೆ, ಅದು ಬೇರೆ ಮಾತು.

ಆ ಮನೆಯಲ್ಲಿ ಗಂಡ ಬೋಟಿನಲ್ಲಿ ಖಲಾಸಿ. ಹೆಂಡತಿ, ಅವರನ್ನು ನಾನು ಅಕ್ಕ ಅನ್ನುವುದು, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಾರೆ. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು, ಅಂದರೆ ಚಿಪ್ಪಿನ ಮೀನು, ಆರಿಸುತ್ತಾರೆ. ಅತ್ತೆಗೆ ಬಿಪಿ ಮಾತ್ರೆ, ಇಬ್ಬರು ಮಕ್ಕಳು ಶಾಲೆಗೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ನೀರಿಗಿಳಿಯುವಂತಿಲ್ಲ. ಗಂಡನ ಸಂಪಾದನೆ ನಿಂತಿತು. ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಬಳಚೂ ಇಲ್ಲ. ಆ ಎರಡು ತಿಂಗಳು ನನ್ನ ಪುಸ್ತಕದಲ್ಲಿ ಅವರ ಪುಟ ಸಾಲದೆ ಪಕ್ಕದ ಪುಟಕ್ಕೂ ಹೋಗುತ್ತಿತ್ತು. ಆ ಸಾಲ ತೀರುವ ಹೊತ್ತಿಗೆ ದೀಪಾವಳಿ ಬಂದಿರುತ್ತಿತ್ತು.

ಬಡವರ ಮನೆಗೆ ಸಾಮಾನು ತುಟ್ಟಿ ಬೀಳುತ್ತದೆ ಅಂತ ಅಂಗಡಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತು ರೂಪಾಯಿ ಚಾಪುಡಿ, ಇಪ್ಪತ್ತು ರೂಪಾಯಿ ಎಣ್ಣೆ, ಕಾಲು ಕಿಲೋ ಸಕ್ಕರೆ. ತೂಕಕ್ಕೆ ಹಾಕಿ ನೋಡಿದರೆ ಕಿಲೋಗಟ್ಟಲೆ ಒಯ್ಯುವವರಿಗಿಂತ ಅವರೇ ಜಾಸ್ತಿ ಕೊಟ್ಟಿರುತ್ತಾರೆ. (ಶಾಂಪೂ ಒಂದು ಬಿಟ್ಟು. ಅದು ಬಾಟಲಿಗಿಂತ ಪೊಟ್ಟಣದಲ್ಲೇ ಅಗ್ಗ, ಯಾಕೋ ದೇವರೇ ಬಲ್ಲ.) ಉದ್ರಿಯವರ ಹತ್ತಿರ ಚೌಕಾಸಿಯೂ ಇಲ್ಲ. ಸಾಲ ಇಟ್ಟುಕೊಂಡವರು ರೇಟು ಕೇಳುವುದು ಹೇಗೆ? ಅದರ ಲಾಭ ನಾನೂ ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ರೇಶನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅಕ್ಕ ಮೊದಲ ಕಂತಲ್ಲಿ ಮಾಡಿದ್ದೇನು ಗೊತ್ತಾ? ನನ್ನ ಬಾಕಿಯಲ್ಲಿ ಸ್ವಲ್ಪ ಕೊಟ್ಟರು, ಅತ್ತೆಗೆ ಒಂದು ತಿಂಗಳ ಮಾತ್ರೆ ಒಟ್ಟಿಗೇ ತಂದರು. ಅಷ್ಟರವರೆಗೆ ನಾಲ್ಕು ನಾಲ್ಕು ಮಾತ್ರೆ ಕತ್ತರಿಸಿ ತರುತ್ತಿದ್ದರು, ನಡುವೆ ಎರಡು ದಿನ ಖಾಲಿ. ಮೂರನೇ ಕಂತಿನ ಹೊತ್ತಿಗೆ ಎಣ್ಣೆ ಲೀಟರ್ ಪ್ಯಾಕೆಟ್ಟಿಗೆ ಬಂದಿತ್ತು.

ದುಡ್ಡಿನ ಬದಲು ಅಕ್ಕಿ ಕೊಡಿ ಅನ್ನುವವರೂ ಇದ್ದಾರೆ. ಅನ್ನಭಾಗ್ಯದಲ್ಲಿ ಇದು ಉಲ್ಟಾ ಆಗಿತ್ತು. 2023ರ ಜುಲೈಯಿಂದ ಸುಮಾರು ಒಂದೂವರೆ ವರ್ಷ, ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬಂತು. ನಮ್ಮ ಕಡೆಯವರು ಉಣ್ಣುವುದು ಕುಚಲಕ್ಕಿ. ಆ ರೇಟಿಗೆ ಐದು ಕಿಲೋ ಬರಲಿಲ್ಲ, ನಿಜ. ಆದರೂ ‘ಕಮ್ಮಿ ಆದ್ರೂ ನಾವು ಉಣ್ಣು ಅಕ್ಕಿ’ ಅಂತ ಒಯ್ದವರು ಎಷ್ಟೋ ಜನ.

ಮಗಳು ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಅವಳು ಹೇಳಿದ್ದು ಕೇಳಿ. ಆಫ್ರಿಕಾದ ಕೀನ್ಯಾದಲ್ಲಿ, ಸಿಯಾಯಾ ಅನ್ನುವ ಕಡೆ, 2014ರಿಂದ 2017ರ ನಡುವೆ ಹತ್ತು ಸಾವಿರಕ್ಕೂ ಜಾಸ್ತಿ ಬಡ ಮನೆಗಳಿಗೆ ತಲಾ ಸುಮಾರು ಸಾವಿರ ಡಾಲರ್ ಸುಮ್ನೆ ಕೊಟ್ಟರಂತೆ. ಇಂಥದ್ದಕ್ಕೇ ಖರ್ಚು ಮಾಡಿ ಅನ್ನುವ ಶರತ್ತಿಲ್ಲ. ಆಮೇಲೆ ಸುತ್ತಮುತ್ತಲ ಅಂಗಡಿ, ಗಿರಣಿಗಳ ಲೆಕ್ಕ ನೋಡಿದರೆ, ಒಂದು ಡಾಲರ್ ಊರೊಳಗೆ ತಿರುಗಿ ಸುಮಾರು ಎರಡೂವರೆ ಡಾಲರಿನ ವ್ಯವಹಾರ ಎಬ್ಬಿಸಿತ್ತು. ರೇಟು ಹೆಚ್ಚುಕಡಿಮೆ ಏರಲೇ ಇಲ್ಲ. ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಅಕ್ಕನ ಎರಡು ಸಾವಿರ ನನ್ನ ಗಲ್ಲೆಗೆ, ದರ್ಜಿಯ ಕಿಸೆಗೆ, ಹಾಲಿನ ಮನೆಗೆ ಹೋಗುವುದನ್ನು ನಾನು ದಿನಾ ನೋಡುತ್ತೇನಲ್ವಾ?

ಗಂಡ ಕುಡಿದು ಹಾಳು ಮಾಡುವುದಿಲ್ಲವಾ ಅಂತ ಕೇಳುತ್ತೀರಿ. ಕುಡಿಯುವವನು ಮೊದಲೂ ಕುಡಿಯುತ್ತಿದ್ದ, ಈಗಲೂ ಕುಡಿಯುತ್ತಾನೆ. ಅಕ್ಕನ ಪಾಸ್‌ಬುಕ್ಕು ಅವನ ಕೈಗೆ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ತೊಂದರೆ ಇರುವುದು ಕಂತು ತಪ್ಪುವುದರಲ್ಲಿ. ಬರುತ್ತದೆ ಅಂತ ನಂಬಿ ಖರ್ಚು ಹಾಕಿಕೊಂಡಿರುತ್ತಾರೆ. ಎರಡು ತಿಂಗಳು ಬರದಿದ್ದರೆ ಮತ್ತೆ ಹತ್ತು ರೂಪಾಯಿ ಪೊಟ್ಟಣ, ಮತ್ತೆ ನಾಲ್ಕು ಮಾತ್ರೆ. ‘ದುಡ್ ಬಂದ್ ಕೂಡ್ಲೆ ಕೊಡ್ತೆ, ನಾಯ್ಕರೆ’ ಅನ್ನುವ ದನಿಯಲ್ಲೇ ಗೊತ್ತಾಗುತ್ತದೆ.

ಆದರೆ ಒಂದು ಬೇಸಿಗೆಯಲ್ಲಿ ತಡೆದ ಕಂತುಗಳೆರಡು ಒಟ್ಟಿಗೇ ಬಿದ್ದವು. ನಾಲ್ಕು ಸಾವಿರ. ಅಕ್ಕ ಮೇ ತಿಂಗಳ ಪೇಟೆಯಲ್ಲಿ ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆ ಕೊಂಡು ಮಾಡಿಗೆ ಕಟ್ಟಿಟ್ಟರು. ಹಸಿ ಮೀನಿಗೆ ಬರ ಬಂದ ಜುಲೈಯಲ್ಲಿ ಅದನ್ನೇ ಬುಟ್ಟಿಯಲ್ಲಿ ಹೊತ್ತು ಮಾರಿದರು. ಆ ಮಳೆಗಾಲ ಅವರ ಉದ್ರಿ ಒಂದೇ ಪುಟದಲ್ಲಿ ಮುಗಿಯಿತು. ಕೀನ್ಯಾದ ಇನ್ನೊಂದು ಅಧ್ಯಯನದಲ್ಲೂ ಹೀಗೇ ಕಂಡಿತ್ತಂತೆ: ತಿಂಗಳು ತಿಂಗಳು ಕೊಟ್ಟರೆ ಊಟ ಸರಿಯಾಗುತ್ತದೆ, ಒಮ್ಮೆಲೇ ಕೊಟ್ಟರೆ ಮನೆಗೆ ಬಾಳುವ ವಸ್ತು ಬರುತ್ತದೆ. ಇದನ್ನು ಬರೆಯಲು ಸ್ವಲ್ಪ ಹೆದರಿಕೆ, ತಡ ಮಾಡುವವರಿಗೆ ನೆಪ ಸಿಗಬಾರದು. ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕೂಡಿಸುವುದನ್ನು ಅವರೇ ಕೂಡಿಸಿಕೊಳ್ಳುತ್ತಾರೆ.

ಎರಡು ಸಾವಿರದಲ್ಲಿ ಆಗದ್ದೂ ಇದೆ. ರಾತ್ರಿ ಎದೆನೋವು ಬಂದರೆ ಇಲ್ಲಿಂದ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಆ ಒಂದು ಓಟಕ್ಕೆ ಒಂದು ವರ್ಷದ 24,000ವೂ ಸಾಲದು. ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅಂತ ಕೂಗಿ ಕೂಗಿ ನಮ್ಮ ಗಂಟಲು ಒಣಗಿದೆ. ಖಾತೆಗೆ ದುಡ್ಡು ಹಾಕಿದ್ದೇವಲ್ಲ ಅಂತ ಯಾರೂ ಅದನ್ನು ಮರೆಸಬಾರದು.

ಮೊನ್ನೆ ಅಕ್ಕ ಬಂದರು. ಪುಟ ನೋಡಿ, ಬಾಕಿ ಪೂರ್ತಿ ಎಣಿಸಿ ಕೊಟ್ಟು, ಗೀಟು ಹಾಕಿಸಿದರು. ಆಮೇಲೆ ಎಣ್ಣೆ ಪ್ಯಾಕೆಟ್ ಕೈಯಲ್ಲಿ ಹಿಡಿದು ರೇಟು ಕೇಳಿದರು. ಹೇಳಿದೆ.

‘ಕುಮ್ಟೆಲಿ ಎರಡ್ ರೂಪಾಯಿ ಕಮ್ಮಿ ಅದೆ. ಬಸ್ಸು ಹೆಂಗೂ ಫ್ರೀ.’

ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಚೌಕಾಸಿ ಮಾಡಿದ್ದು ಅದೇ ಮೊದಲು. ಎರಡು ರೂಪಾಯಿ ಇಳಿಸಿದೆ.